ಎಂಟನೆಯ ಖಡ್ಗ

ಕ್ಯಾಸ್ಮಿರ್ ಪ್ಲಾಸ್ಟಿಕ್ ಕುರ್ಚಿ ಹತ್ತಿ ಗೋಡೆಯಿಂದ ಐದನೆಯ ಖಡ್ಗವನ್ನು ಬಿಡಿಸುತ್ತಿದ್ದಾಗ ಕ್ಲೆಮೆಂಟಿನಾ ಒಳಕೋಣೆಯಿಂದ ಹೊರಗೆ ಬಂದಳು. ಕಪ್ಪು ಸೀರೆಯ ಸೆರಗು ಇನ್ನೂ ಕೈಯಲ್ಲೇ ಇತ್ತು. ಸೇಫ್ಟಿಪಿನ್ನು ಸಿಗದೆ ಅರ್ಧ ಗಂಟೆಯಿಂದ ಒಂದೊಂದೇ ಡ್ರಾಯರನ್ನು ಎಳೆದು ಬಡಿದು ಮುಚ್ಚುತ್ತಿದ್ದಳು.

“ಎಂತ ಮಾಡ್ತಿದ್ದೀರಿ ಬಾವ?”

“ತೆಗೆದಿಡ್ತಿದ್ದೇನೆ. ಮಣ್ಣು ಕೊಟ್ಟು ಬಂದ ಮೇಲೆ ಮನೆ ತುಂಬ ಜನ ಆಗ್ತಾರೆ. ಯಾರ ಕೈ ಹೇಗೆ ಅಂತ ಯಾರಿಗೆ ಗೊತ್ತು? ಒಳಗಿಟ್ಟು ಬೀಗ ಹಾಕುವ.”

“ಒಂಬತ್ತು ಗಂಟೆಗೆ ಆಸ್ಪತ್ರೆಯಲ್ಲಿ ಇರ್ಬೇಕು ನಾವು.”

“ಇನ್ನು ಎರಡೇ ಉಂಟು.”

ಕ್ಯಾಸ್ಮಿರ್ ಕ್ಲೆಮೆಂಟಿನಾಳ ಗಂಡ ಪಿಯುಸ್‌ನ ಅಣ್ಣ. ಊರಾದ ಶಿರ್ವದ ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿನ್ನೆ ಸಂಜೆ ಅವಳ ಮಗಳು ಜೋಸ್ಲಿನ್‌ಳನ್ನು ಕರೆದುಕೊಂಡು ಮಂಗಳೂರಿನ ವಿಮಾನದಲ್ಲಿ ಗಲ್ಫ್‌ಗೆ ಬಂದಿಳಿದಿದ್ದ. ತಮ್ಮನನ್ನು ಊರಿಗೆ ಒಯ್ಯದೆ ಇಲ್ಲೇ ಮಣ್ಣು ಮಾಡುವುದು ಅವನಿಗೆ ಸರಿಬಂದಿರಲಿಲ್ಲ. “ಜೀವಮಾನವೆಲ್ಲ ಕಾರ್ಗೋ ಇಳಿಸಿಕೊಂಡವ ನಾನು. ಸತ್ತ ಮೇಲೆ ನನ್ನನ್ನೇ ಕಾರ್ಗೋ ಮಾಡ್ಬೇಡಿ” ಎಂದು ಪಿಯುಸ್ ಹತ್ತು ಸಲ ಹೇಳಿದ್ದ. ಅದನ್ನು ಕ್ಲೆಮೆಂಟಿನಾ ತಿಳಿಸಿದರೂ ಅವನು ನಂಬಿದಂತೆ ಕಾಣಲಿಲ್ಲ.

ಅವನು ಉಳಿದೆರಡನ್ನೂ ಬಿಡಿಸಿ ಕುರ್ಚಿಯಿಂದ ಇಳಿದು, ಸೋಫಾದ ಮೇಲೆ ಮಲಗಿಸಿದ್ದ ಖಡ್ಗಗಳನ್ನು ಬೆರಳಿಟ್ಟು ಎಣಿಸಿದ. ಮತ್ತೆ ಗೋಡೆ ನೋಡಿದ.

“ಏಳು. ಮೊಳೆ ಎಂಟು ಜೋಡಿ ಉಂಟು.”

“ಒಂದು ರಿಪೇರಿಗೆ ಕೊಟ್ಟಿದ್ದಾರೆ. ರುಸ್ತಾಕ್‌ನಲ್ಲಿ ಬೆಳ್ಳಿ ಕೆಲಸದ ಇಸ್ಮಾಯಿಲ್ ಚಾಚಾ ಇದ್ದಾರಲ್ಲ, ಅವರ ಹತ್ರ.”

“ಯಾವಾಗ?”

“ಒಂದೂವರೆ ವರ್ಷ ಆಯ್ತು.”

“ಒಂದೂವರೆ ವರ್ಷ ಎಂತ ರಿಪೇರಿ ಮಾರಾಯ್ತಿ?” ಕ್ಯಾಸ್ಮಿರ್ ಮುಖ ಗಂಟಿಕ್ಕಿದ. “ಅವನು ಇವತ್ತು ಬರ್ತಾನಾ?”

“ಫೋನ್ ಮಾಡಿ ಹೇಳಿದ್ದೇನೆ.”

“ಬರ್ಲಿ. ನಾನು ಕೇಳ್ತೇನೆ.”

ಕ್ಲೆಮೆಂಟಿನಾಳಿಗೆ ಕೂಗಬೇಕೆನಿಸಿತು. ಪಿಯುಸ್ ಮೂರು ದಿನದಿಂದ ಶವಾಗಾರದಲ್ಲಿದ್ದಾನೆ. ಅವಳ ವೀಸಾ ಇದ್ದದ್ದು ಅವನ ಹೆಸರಿನ ಆಸರೆಯಲ್ಲಿ. ತಿಂಗಳೊಳಗೆ ಅಲ್ ಮವಾಲೇಹ್‌ನ ಈ ಫ್ಲ್ಯಾಟು ಖಾಲಿ ಮಾಡಿ ದೇಶ ಬಿಡಬೇಕು. ನಿನ್ನೆಯಿಂದ ಅವಳು ಸಹಿ ಹಾಕಿದ ಕಾಗದಗಳಿಗೆ ಲೆಕ್ಕವಿಲ್ಲ. ಇದರ ನಡುವೆ ಈ ಮನುಷ್ಯ ಮೊಳೆ ಎಣಿಸುತ್ತಿದ್ದಾನೆ. ಕೂಗಲಿಲ್ಲ. ಪಕ್ಕದ ಫ್ಲ್ಯಾಟಿನ ಮೈಸೂರಿನ ಚಿತ್ರಾ ಬಾಗಿಲಲ್ಲಿ ಬಂದು ನಿಂತು, ತನ್ನ ಸೆರಗಿನಿಂದಲೇ ಪಿನ್ನು ಬಿಚ್ಚಿ ಕೊಟ್ಟಳು.

“ಹಾಕ್ಕೊಳ್ಳಿ. ಕೆಳಗೆ ಕಾರು ತಂದು ನಿಲ್ಸಿದಾರೆ.”

*

ಮೊದಲನೆಯ ಖಡ್ಗ ಸಿಕ್ಕಿದ್ದು ರುಸ್ತಾಕ್‌ನಲ್ಲಿ, ಜೋಸ್ಲಿನ್‌ಗೆ ಮೂರು ವರ್ಷವಾಗಿದ್ದಾಗ. ಪಿಯುಸ್ ಆಗ ಎಣ್ಣೆಬಾವಿಗಳಿಗೆ ಪಂಪು, ವಾಲ್ವು ಪೂರೈಸುವ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ನಾಲ್ಕು ಸಾವಿರ ಬಿಡಿಭಾಗಗಳ ನಂಬರು ಅವನಿಗೆ ಬಾಯಿಪಾಠವಿತ್ತು. ಆಫೀಸಿನವರು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. “ಸ್ಟೋರ್, ಇದು ಉಂಟಾ?” “ಸ್ಟೋರ್, ಅದು ಬಂತಾ?” ಎನ್ನುತ್ತಿದ್ದರು. ಅವನೂ ಫೋನೆತ್ತಿದರೆ “ಸ್ಟೋರ್” ಎಂದೇ ಹೇಳುತ್ತಿದ್ದ.

ಒಂದು ಶುಕ್ರವಾರ ಕೋಟೆ ನೋಡಲು ಹೋದವರು ಪಕ್ಕದ ಹಳೆಯ ಪೇಟೆ, ಸೂಕ್‌ಗೆ ಹೊಕ್ಕರು. ಖಂಜರ್ ಎಂಬ ಬಾಗುಕತ್ತಿಗೆ ಬೆಳ್ಳಿ ಕಟ್ಟುವ ಇಸ್ಮಾಯಿಲನ ಅಂಗಡಿಯ ಶಟರು ಕೆಟ್ಟು, ಅದಕ್ಕೆ ಆನಿಕೆಯಾಗಿ ಒಂದು ತುಕ್ಕುಹಿಡಿದ ಉದ್ದನೆಯ ಕಬ್ಬಿಣ ನಿಲ್ಲಿಸಿದ್ದರು. ಪಿಯುಸ್ ಅಲ್ಲೇ ಬಗ್ಗಿ ಕರವಸ್ತ್ರದಿಂದ ಉಜ್ಜಿದ. ಅಲಗಿನ ಮೇಲೆ ಅಕ್ಷರಗಳು ಎದ್ದವು. ಇಸ್ಮಾಯಿಲ್ ಹುಡುಗನಾಗಿದ್ದಾಗ ಬೊಂಬಾಯಿಯಲ್ಲಿದ್ದವನು, ಹಿಂದೂಸ್ತಾನಿ ಚೆನ್ನಾಗಿ ಬರುತ್ತಿತ್ತು. ಅವನ ಅಜ್ಜ ಆಫ್ರಿಕಾದ ದಾರ್ ಎಸ್ ಸಲಾಮ್‌ನಲ್ಲಿ ವ್ಯಾಪಾರಕ್ಕಿದ್ದನಂತೆ. ಆಗ ಅಲ್ಲಿ ಜರ್ಮನರ ಆಳ್ವಿಕೆ. ಅವರು ಯುದ್ಧ ಸೋತು ಹೋದಾಗ ಬಿಟ್ಟುಹೋದ ಸಾಮಾನಿನಲ್ಲಿ ಅಜ್ಜನಿಗೆ ಸಿಕ್ಕಿದ್ದಂತೆ ಇದು. ಅಲಗಿನ ಮೇಲಿದ್ದದ್ದು ಯಾರೋ ಲೆಫ್ಟಿನೆಂಟಿನ ಹೆಸರು.

ವಾಪಸು ಬರುವಾಗ ಅದು ಕಾರಿನ ಹಿಂಸೀಟಿನಲ್ಲಿ ಮಗುವಿನ ಕಾಲಡಿ ಇತ್ತು.

“ಮನೆಯಲ್ಲಿ ತೆಂಗಿನಕಾಯಿ ಒಡೀಲಿಕ್ಕೆ ಒಂದು ಸರಿಯಾದ ಕತ್ತಿ ಇಲ್ಲ. ಇದನ್ನು ಎಂತಕ್ಕೆ ತಕೊಂಡದ್ದು ನೀವು?” ಎಂದಿದ್ದಳು ಕ್ಲೆಮೆಂಟಿನಾ.

“ಕತ್ತಿ ಅಲ್ಲ, ಖಡ್ಗ,” ಎಂದಿದ್ದ ಪಿಯುಸ್. “ಆಫೀಸರನದ್ದು.”

ಆ ಕೊನೆಯ ಮಾತನ್ನು ಅವನು ಎಷ್ಟು ಮೆಲ್ಲಗೆ ಹೇಳಿದ್ದನೆಂದರೆ, ಅವಳಿಗೆ ಮುಂದೆ ವಾದಿಸಲು ಮನಸ್ಸಾಗಿರಲಿಲ್ಲ.

ಆಗ ವಾದಿಸಬೇಕಿತ್ತು. ಉಳಿದವು ಒಂದರ ಹಿಂದೆ ಒಂದು ಬಂದವು. ದುಬೈನ ಯಾವನೋ ವ್ಯಾಪಾರಿಯಿಂದ ಎರಡು, ಇಂಟರ್‌ನೆಟ್ ಬಂದ ಮೇಲೆ ಪಾರ್ಸೆಲ್ಲಿನಲ್ಲಿ ಐದು. ರುಸ್ತಾಕ್‌ನದ್ದರಂತೆ ಅವು ಕುರೂಪಿಗಳಲ್ಲ. ಒಂದಕ್ಕೆ ಸಿಂಹದ ತಲೆಯ ಹಿಡಿ, ಒಂದಕ್ಕೆ ರೆಕ್ಕೆ ಬಿಚ್ಚಿದ ಹದ್ದು, ಎಲ್ಲಕ್ಕೂ ಫಳಫಳ ಹೊಳೆಯುವ ಹಿತ್ತಾಳೆ. ಹಾಲಿನ ಗೋಡೆ ತುಂಬಿ, ಯೇಸುವಿನ ಪುಟ್ಟ ಪೀಠ, ಆಲ್ತಾರು, ಫ್ರಿಜ್ಜಿನ ಮೇಲೆ ಹೋಯಿತು. ಬಂದ ನೆಂಟರಿಗೆ ಚಹಾ ಕೊಡುವ ಮೊದಲು ಪಿಯುಸ್ ಬಿಳಿ ಕೈಗವಸು ತೊಡಿಸಿ ಒಂದೊಂದನ್ನೇ ಕೈಗೆ ಕೊಡುತ್ತಿದ್ದ. ಯಾವ ರೆಜಿಮೆಂಟು, ಯಾವ ಇಸವಿ, ಯಾವ ಊರಿನ ಕಮ್ಮಾರ, ಎಲ್ಲ ಜಪಸರದಂತೆ ಹೇಳುತ್ತಿದ್ದ. ರಜೆಗೆ ಅವಳನ್ನು ಜರ್ಮನಿಗೆ ಕರೆದೊಯ್ಯುತ್ತೇನೆ ಎಂದು ಹದಿನೈದು ವರ್ಷ ಹೇಳಿದ. ಪ್ರತಿ ರಜೆಗೂ ಅವರು ಹೋದದ್ದು ಶಿರ್ವಕ್ಕೆ.

*

ಚರ್ಚಿನಲ್ಲಿ ಪಾದ್ರಿಗಳು ಪ್ರವಚನವನ್ನು ಪಿಯುಸ್‌ನ ಖಡ್ಗಗಳ ಮಾತಿನಿಂದಲೇ ಶುರುಮಾಡಿದರು. ಕ್ಲೆಮೆಂಟಿನಾ ತಲೆ ತಗ್ಗಿಸಿ ಹಲ್ಲು ಕಚ್ಚಿದಳು. ಪಕ್ಕದಲ್ಲಿ ಜೋಸ್ಲಿನ್ ಅಳುತ್ತಿದ್ದಳು. ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಂಡ ಅಂಗಿಯನ್ನು ಈಗ ಪೆಟ್ಟಿಗೆಯಲ್ಲಿ ತೊಡಿಸಿದ್ದರು. ಅಂಗಿಯ ಕಾಲರು ಒಂದು ಅಳತೆ ದೊಡ್ಡದಿತ್ತು.

ಸ್ಮಶಾನದಲ್ಲಿ, ಮಣ್ಣು ಹಾಕಿ ಕೈ ಒರೆಸಿಕೊಂಡವರೆಲ್ಲ ಬಂದು ಅವಳ ಕೈ ಹಿಡಿದರು. ಕೊಂಕಣಿ ಸಂಘದ ಸಿಪ್ರಿಯನ್ ಕ್ಯಾಸ್ಮಿರನನ್ನು ಬದಿಗೆ ಕರೆದು ಮಾತಾಡುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು.

“ಅಂಥ ಕಲೆಕ್ಷನ್ ಇಡೀ ಗಲ್ಫ್‌ನಲ್ಲಿ ಬೇರೆ ಯಾರ ಹತ್ರವೂ ಇಲ್ಲ ಕ್ಯಾಸ್ಮಿರ್‌ಬಾಬ್. ಒಂದೊಂದು ಲಕ್ಷಗಟ್ಟಲೆ ಬಾಳ್ತದೆ. ದುಬೈನಲ್ಲಿ ನನಗೆ ಗೊತ್ತಿದ್ದ ಒಬ್ಬರಿದ್ದಾರೆ, ಬಂದು ನೋಡ್ತಾರೆ. ಕ್ಲೆಮೆಂಟಿನಾಬಾಯಿ ಅಗ್ಗಕ್ಕೆ ಕೊಟ್ಟುಬಿಡದ ಹಾಗೆ ನೀವು ನೋಡ್ಕೊಳ್ಬೇಕು. ಅವರಿಗೆ ಮೊದಲಿಂದಲೂ ಅದನ್ನು ಕಂಡ್ರೆ ಆಗುದಿಲ್ಲ.”

“ನನಗೆ ಗೊತ್ತುಂಟು.”

ಯಾರಾದರೂ ಬೇರೆ ಏನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಇಪ್ಪತ್ತೇಳು ವರ್ಷ ದಿನಾ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಚಹಾ ಇಟ್ಟವನು. ಮಗಳ ಯೂನಿಫಾರ್ಮಿನ ರಿಬ್ಬನ್ನನ್ನೂ ಇಸ್ತ್ರಿ ಮಾಡಿದವನು. ಅದು ಯಾರಿಗೂ ಗೊತ್ತಿಲ್ಲ, ಗೊತ್ತಿರುವುದು ಗೋಡೆ ಮಾತ್ರ. ಕೊನೆಯಲ್ಲಿ, ಅವನು ಈಚೆಗೆ ಕೆಲಸ ಮಾಡುತ್ತಿದ್ದ ತರಕಾರಿ ಮಾರ್ಕೆಟ್‌ನ ಇಬ್ಬರು ಬಾಂಗ್ಲಾ ಹಮಾಲರು ಚಪ್ಪಲಿ ಕಳಚಿ ದೂರದಲ್ಲಿ ನಿಂತಿದ್ದವರು ಹತ್ತಿರ ಬಂದರು. ಅವರಲ್ಲಿ ವಯಸ್ಸಾದವನು ಹಿಂದಿಯಲ್ಲಿ ಹೇಳಿದ:

“ಪಿಯುಸ್ ಭಾಯ್ ತೂಕದಲ್ಲಿ ಒಂದು ದಿನವೂ ಯಾರಿಗೂ ಮೋಸ ಮಾಡಲಿಲ್ಲ, ಬೆಹನ್.”

ಅಷ್ಟು ಹೊತ್ತೂ ಬರದಿದ್ದ ಅಳು ಆಗ ಬಂತು.

*

ಎಣ್ಣೆಯ ಬೆಲೆ ಬಿದ್ದ ಎರಡನೆಯ ವರ್ಷ ಕಂಪೆನಿ ನಲವತ್ತು ಜನರಿಗೆ ಒಂದೇ ದಿನ ಕೆಲಸದಿಂದ ತೆಗೆದ ಕಾಗದ ಕೊಟ್ಟಿತು. ಪಿಯುಸ್‌ಗೆ ಐವತ್ತಾರು. ಕ್ಲೆಮೆಂಟಿನಾ ಆಗ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಊರಿನಲ್ಲಿದ್ದಳು. ಜೋಸ್ಲಿನ್‌ಳ ನರ್ಸಿಂಗ್ ಕೊನೆಯ ವರ್ಷದ ಫೀಸು ಕಟ್ಟುವ ದಿನ ಹತ್ತಿರ ಬರುತ್ತಿತ್ತು. ಏನು ಮಾಡುವುದು ಎಂದು ಅವಳು ಫೋನಿನಲ್ಲಿ ಅತ್ತರೆ, “ಕಂಪೆನಿಯವರು ಕೊಟ್ಟದ್ದರಲ್ಲಿ ಕಟ್ಟಿಬಿಟ್ಟೆ, ಖಲಾಸ್. ಇನ್ನು ಅದರ ಸುದ್ದಿ ಬೇಡ” ಎಂದಿದ್ದ.

ಅವಳು ಮರಳಿ ಬಂದಾಗ ಗೋಡೆಯಲ್ಲಿ ರುಸ್ತಾಕ್‌ನ ಖಡ್ಗವಿರಲಿಲ್ಲ. ರಿಪೇರಿಗೆ ಕೊಟ್ಟೆ ಎಂದ. ಅಷ್ಟರಲ್ಲಿ ಅವನಿಗೆ ಮವಾಲೇಹ್‌ನ ತರಕಾರಿ ಮಾರ್ಕೆಟ್‌ನಲ್ಲಿ ಲಾರಿಗಳ ತೂಕದ ಚೀಟಿ ಬರೆಯುವ ಕೆಲಸ ಸಿಕ್ಕಿತ್ತು. ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಹೊಸ ಕಫೀಲ್, ಅರ್ಧ ಸಂಬಳ. ಸಂಜೆ ಬರುವಾಗ ಮೈಯೆಲ್ಲ ಈರುಳ್ಳಿ ವಾಸನೆ.

ಒಂದು ಬದಲಾವಣೆ ಅವಳು ಗಮನಿಸಿದ್ದಳು. ನೆಂಟರು ಬಂದರೆ ಅವನು ಈಗ ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಅದು ಇರ್ಲಿ, ಚಹಾ ತಣ್ಣಗಾಗ್ತದೆ” ಎನ್ನುತ್ತಿದ್ದ. ಶುಕ್ರವಾರ ಮಾತ್ರ ಮೊದಲಿನಂತೆ ಏಳನ್ನೂ ಇಳಿಸಿ, ಎಣ್ಣೆ ಹಚ್ಚಿ ಒರೆಸಿ, ಏರಿಸುತ್ತಿದ್ದ.

“ಒಂದನ್ನಾದ್ರೂ ಮಾರಿ. ಕಷ್ಟಕ್ಕೆ ಆಗದ ಸಾಮಾನು ಎಂತಕ್ಕೆ?” ಎಂದು ಅವಳು ಹೇಳದ ವಾರವಿರಲಿಲ್ಲ.

“ಈಗ ಎಲ್ಲದಕ್ಕೂ ಬೆಲೆ ಬಿದ್ದಿದೆ. ಎಣ್ಣೆ ಏರ್ಲಿ, ನೋಡುವ.”

ಈ ಸೋಮವಾರ ಬೆಳಿಗ್ಗೆಯೂ ಅದೇ ಮಾತು. ಅವನು ಶೂ ಲೇಸು ಕಟ್ಟುತ್ತಿದ್ದ. ಅವಳು ನಿಂತುಕೊಂಡೇ ಹೇಳಿದಳು: “ನಿಮಗೆ ಮಗಳಿಗಿಂತ ಈ ಕಬ್ಬಿಣವೇ ಹೆಚ್ಚಾದದ್ದು. ಅವಳ ಮದುವೆಗಾದ್ರೂ ಬಿಡ್ತೀರೋ, ಗುಂಡಿಗೆ ಕೊಂಡುಹೋಗ್ತೀರೋ?”

ಅವನು ತಲೆ ಎತ್ತಿ ನೋಡಿದ. ಏನೋ ಹೇಳಲು ಬಾಯಿ ತೆರೆದ. ಮತ್ತೆ ಬಗ್ಗಿ ಇನ್ನೊಂದು ಶೂವಿನ ಲೇಸು ಕಟ್ಟಿಕೊಂಡು ಹೊರಟುಹೋದ. ಹನ್ನೊಂದು ಗಂಟೆಗೆ ಮಾರ್ಕೆಟ್‌ನಿಂದ ಫೋನು ಬಂತು. ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದ. ಕೈಯಲ್ಲಿ ಟೊಮೆಟೊ ಲಾರಿಯ ಚೀಟಿ ಇತ್ತಂತೆ.

*

ಇಸ್ಮಾಯಿಲ್ ಬರುವಾಗ ಮಧ್ಯಾಹ್ನ ಎರಡಾಗಿತ್ತು. ರುಸ್ತಾಕ್‌ನಿಂದ ಬರುವ ದಾರಿಯಲ್ಲಿ ಟಯರು ಪಂಕ್ಚರಾಗಿ ಅವನಿಗೆ ಮಣ್ಣು ಕೊಡಲು ಸಿಕ್ಕಿರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಬಿಳಿಯ ನಿಲುವಂಗಿಯ ಅಂಚಿಗೆ ರಸ್ತೆಯ ಧೂಳು. ಹಾಲಿನಲ್ಲಿ ಹದಿನೈದು ಇಪ್ಪತ್ತು ಜನ ಕುಚ್ಚಲಕ್ಕಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದರು. ಅವನು ಬರಿದಾದ ಗೋಡೆಯನ್ನು ಒಮ್ಮೆ ನೋಡಿ, ಕ್ಲೆಮೆಂಟಿನಾಳ ಎದುರು ಬಂದು ಎದೆಯ ಮೇಲೆ ಕೈಯಿಟ್ಟ.

“ಬಿಯೂಸ್ ನನಗೆ ತಮ್ಮನಾಗಿದ್ದ, ಭಾಭಿ.” ಇಪ್ಪತ್ತು ವರ್ಷವಾದರೂ ಅವನ ನಾಲಿಗೆಗೆ ಪಿಯುಸ್ ಎಂದು ಬಂದಿರಲಿಲ್ಲ.

ಅವನಿಗೆ ಕುರ್ಚಿ ಸಿಗುವ ಮೊದಲೇ ಕ್ಯಾಸ್ಮಿರ್ ಎದ್ದು ಬಂದ. ಅವನ ಹಿಂದಿ ಒರಟಾಗಿತ್ತು, ಸಿಟ್ಟಿನಲ್ಲಿ ಇನ್ನೂ ಒರಟಾಯಿತು.

“ನನ್ನ ತಮ್ಮನ ಒಂದು ಖಡ್ಗ ನಿಮ್ಮ ಹತ್ತಿರ ಉಂಟಂತೆ. ರಿಪೇರಿಗೆ ಕೊಟ್ಟದ್ದು.”

ಇಸ್ಮಾಯಿಲ್ ಕ್ಲೆಮೆಂಟಿನಾಳ ಕಡೆ ನೋಡಿದ.

“ಉಂಟಾ ಇಲ್ವಾ?”

“ಇದೆ,” ಎಂದ ಇಸ್ಮಾಯಿಲ್ ಕೊನೆಗೆ.

“ತಂದಿದ್ದೀರಾ?”

“ತಂದಿಲ್ಲ. ಒಂದು ವಾರ ಕೊಡಿ.”

“ಒಂದೂವರೆ ವರ್ಷ ಸಾಲ್ಲಿಲ್ಲ, ಇನ್ನೊಂದು ವಾರ. ಅವನು ಇದ್ದಾಗಲೇ ಕೊಡದವ ಸತ್ತ ಮೇಲೆ ಕೊಡ್ತಾನಾ?” ಕ್ಯಾಸ್ಮಿರ್ ಕನ್ನಡಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ. “ನೋಡಿ, ಅತ್ಯಂತ ಹಳೆಯದ್ದೇ ಇವನ ಹತ್ರ. ಸತ್ತವನ ಸೊತ್ತು ಕದಿಯುವವರಿಗೆ ಊರು ಯಾವುದಾದ್ರೆ ಏನು.”

ಸಿಪ್ರಿಯನ್ ಬಟ್ಟಲು ಕೆಳಗಿಟ್ಟ. ಇಸ್ಮಾಯಿಲನಿಗೆ ಕನ್ನಡ ಬಾರದಿದ್ದರೂ ಕೋಣೆಯ ಕಣ್ಣುಗಳಿಂದಲೇ ಅರ್ಥವಾಗಿರಬೇಕು. ಅವನು ತಲೆ ತಗ್ಗಿಸಿದ. ಅಂಗಡಿಯಲ್ಲಿ ಒಂದು ಬೈಸೆಯ ಕಾಸು ಹೆಚ್ಚು ಬಂದರೆ ಗಿರಾಕಿಯ ಹಿಂದೆ ಓಡಿಹೋಗಿ ಕೊಡುತ್ತಿದ್ದ ಈ ಮುದುಕ ಹಾಗೆ ನಿಂತದ್ದು ಕ್ಲೆಮೆಂಟಿನಾಳಿಗೆ ಸಹಿಸಲಾಗಲಿಲ್ಲ. ಜೊತೆಗೆ ಏನೋ ಸರಿಯಿಲ್ಲ ಎಂದೂ ತೋರಿತು.

“ಚಾಚಾ, ಒಳಗೆ ಬನ್ನಿ,” ಎಂದಳು.

ಅಡುಗೆಮನೆಯಲ್ಲಿ ಚಿತ್ರಾ ಗಂಜಿ ಬಡಿಸುತ್ತಿದ್ದಳು. ಇವರಿಬ್ಬರನ್ನು ಕಂಡು ಸೌಟು ಪಾತ್ರೆಯಲ್ಲೇ ಬಿಟ್ಟು ಹೊರಗೆ ಹೋದಳು. ಕ್ಲೆಮೆಂಟಿನಾ ಬಾಗಿಲು ಮುಂದಕ್ಕೆ ತಳ್ಳಿದಳು.

“ಅದು ನಿಮ್ಮ ಹತ್ತಿರ ಇಲ್ಲ. ಹೌದೋ ಅಲ್ಲವೋ?”

“ಭಾಭಿ, ನಾನು ಮಾತು ಕೊಟ್ಟಿದ್ದೇನೆ.”

“ಮಾತು ತಗೊಂಡವರನ್ನು ಈಗ ಮಣ್ಣು ಮಾಡಿ ಬಂದೆ ನಾನು.”

ಮುದುಕ ಫ್ರಿಜ್ಜಿಗೆ ಒರಗಿ ನಿಂತ. ಆಮೇಲೆ ಹೇಳಿದ. ಕೆಲಸ ಹೋದ ತಿಂಗಳು ಪಿಯುಸ್ ಎಂಟನ್ನೂ ಕಾರಿನಲ್ಲಿ ಹಾಕಿಕೊಂಡು ರುಸ್ತಾಕ್‌ಗೆ ಬಂದಿದ್ದ, ಎಲ್ಲವನ್ನೂ ಮಾರಲು. ಇಸ್ಮಾಯಿಲನ ಅಂಗಡಿಗೆ ಬರುತ್ತಿದ್ದ ಒಬ್ಬ ಜರ್ಮನ್ ಎಂಜಿನಿಯರ್, ಅವನೂ ಕೆಲಸ ಹೋಗಿ ಊರಿಗೆ ಹೊರಟವನು, ಖಡ್ಗ ಸಂಗ್ರಹಿಸುವ ಹುಚ್ಚಿನವನೇ. ಪಿಯುಸ್ ಒಂದೊಂದಕ್ಕೂ ಚೀಟಿ ಕಟ್ಟಿ ಸಾಲಾಗಿ ಇಟ್ಟಿದ್ದ. ಜರ್ಮನ್ ಭೂತಗನ್ನಡಿ ಹಿಡಿದು ಎರಡು ಗಂಟೆ ನೋಡಿದ. ಏಳನ್ನು ಒಂದು ಕಡೆ ಸರಿಸಿದ, ಒಂದನ್ನು ಇನ್ನೊಂದು ಕಡೆ.

“ಆ ಏಳೂ ನಕಲಿ, ಭಾಭಿ. ನಿಮ್ಮ ಹಿಂದೂಸ್ತಾನದಲ್ಲೇ ಎರಕ ಹೊಯ್ದು, ಹಳೆಯದಾಗಿ ಕಾಣಲು ಆಸಿಡ್ ಹಚ್ಚಿದ್ದು. ಬಿಯೂಸ್ ನಕ್ಕ. ನಮ್ಮೂರಿನ ಹಿತ್ತಾಳೆಯನ್ನು ಜರ್ಮನಿ ಅಂತ ಪೂಜೆ ಮಾಡಿದೆನಲ್ಲ ಅಂದ. ನಗುತ್ತ ನಗುತ್ತ ಕಾಹ್ವಾ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡ. ನನ್ನ ಅಜ್ಜನದ್ದು ಒಂದೇ ನಿಜವಾದದ್ದು. ಅದನ್ನು ಮಾರಿದ. ಮಗಳ ಕಾಲೇಜಿಗೆ ಅಂದ. ನಿಮಗೆ ಹೇಳಬಾರದು ಅಂತ ಮಾತು ತೆಗೆದುಕೊಂಡ.”

ಕ್ಲೆಮೆಂಟಿನಾ ಸೌಟನ್ನು ಹಿಡಿದಿದ್ದಳು. ಯಾವಾಗ ಹಿಡಿದಳೋ ತಿಳಿಯಲಿಲ್ಲ.

“ಅದಕ್ಕೆ ನೀವು ಕಳ್ಳ ಅನ್ನಿಸಿಕೊಳ್ಳಬೇಕಿತ್ತಾ?”

“ಅವುಗಳಲ್ಲಿ ಮೂರನ್ನು ಅವನು ಹೊಸದಾಗಿ ಕೊಂಡು ನನಗೆ ತೋರಿಸಲು ತಂದಿದ್ದ. ನಾನು ಲೋಹದ ಕೆಲಸದವನು, ನೋಡಿದ ಕೂಡಲೇ ಸಂಶಯ ಬಂದಿತ್ತು. ಅವನ ಮುಖ ನೋಡಿ ಹೇಳಲಿಲ್ಲ.” ಇಸ್ಮಾಯಿಲ್ ಅಂಗೈಯಿಂದ ಕಣ್ಣು ಒರೆಸಿಕೊಂಡ. “ಆಗ ಹೇಳಿದ್ದರೆ ಉಳಿದವನ್ನು ಕೊಳ್ಳುತ್ತಿರಲಿಲ್ಲ.”

ಅವಳಿಗೆ ಮೊದಲು ಬಂದದ್ದು ಸಿಟ್ಟು. ಒಂದೂವರೆ ವರ್ಷ ವಾರವಾರ ಬೈದಿದ್ದಳು. ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ನಗುತ್ತಿದ್ದೆನೇ ನಾನು? ಬಹುಶಃ ನಗುತ್ತಿದ್ದೆ. ಆಲ್ತಾರನ್ನು ಅವತ್ತೇ ಫ್ರಿಜ್ಜಿನಿಂದ ಇಳಿಸಿ ಗೋಡೆಗೆ ಹೊಡೆಸುತ್ತಿದ್ದೆ. ಸೋಮವಾರ ಅವನು ಬಾಯಿ ತೆರೆದು ಮುಚ್ಚಿದ್ದು ನೆನಪಾಯಿತು. ಎಂಥ ಮನುಷ್ಯ. ಜಗಳ ತೀರಿಸಿಕೊಳ್ಳಲೂ ಬಿಡದೆ ಹೋದ.

ಅವಳು ಬಾಗಿಲು ತೆರೆದು ಹಾಲಿಗೆ ಬಂದಳು.

“ಬಾವ, ಆ ಖಡ್ಗ ಇವರ ಹತ್ರ ಇಲ್ಲ. ಅದನ್ನು ನಾನೇ ಮಾರಿಸಿದ್ದು.”

“ನೀನಾ?”

“ಜೋಸ್ಲಿನ್‌ಳ ಕಾಲೇಜಿಗೆ. ನಿಮ್ಮ ತಮ್ಮನಿಗೆ ಮನಸ್ಸಿರ್ಲಿಲ್ಲ. ನಾನು ಹಟ ಹಿಡಿದು ಮಾರಿಸಿದೆ. ರಿಪೇರಿ ಅಂತ ನಾನು ಹೇಳಿದ್ದು ಸುಳ್ಳು, ಚಾಚಾ ನನ್ನ ಮರ್ಯಾದೆ ಉಳಿಸ್ಲಿಕ್ಕೆ ಹೌದು ಅಂದದ್ದು.”

“ಮಮ್ಮಿ, ಬಟ್ ಯೂ ಸೆಡ್ ಕಂಪೆನಿ ಮನಿ...” ಎಂದ ಜೋಸ್ಲಿನ್ ತಾಯಿಯ ಮುಖ ನೋಡಿ ಸುಮ್ಮನಾದಳು.

ಕ್ಯಾಸ್ಮಿರ್ ನಿಧಾನವಾಗಿ ಕೂತ. “ಅವನ ಜೀವ ಇದ್ದದ್ದೇ ಅದರಲ್ಲಿ. ಅದನ್ನು ಕಿತ್ತು ಮಾರಿಸಿದಿ. ಮತ್ತೆ ಎದೆ ಒಡೆಯದೆ ಇರ್ತದಾ?”

ಸಿಪ್ರಿಯನ್ ಕಿಟಕಿಯ ಕಡೆ ನೋಡಿದ. ಇಸ್ಮಾಯಿಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಹೇಳಲು ಮುಂದೆ ಬಂದಾಗ ಅವಳು ಹಿಂದಿಯಲ್ಲಿ, “ಚಾಚಾ, ಕೂತ್ಕೊಳ್ಳಿ. ಗಂಜಿ ಕುಡಿದು ಹೋಗ್ಬೇಕು ನೀವು” ಎಂದಳು. ಅವನು ಅವಳನ್ನು ಅರೆಗಳಿಗೆ ನೋಡಿ, ಹೋಗಿ ಕ್ಯಾಸ್ಮಿರನ ಪಕ್ಕದ ಕುರ್ಚಿಯಲ್ಲಿ ಕೂತ. ಕ್ಯಾಸ್ಮಿರ್ ಸ್ವಲ್ಪ ಹೊತ್ತಿನ ಮೇಲೆ, ಮುಖ ನೋಡದೆ, ಉಪ್ಪಿನಕಾಯಿಯ ಬಟ್ಟಲನ್ನು ಅವನ ಕಡೆ ಸರಿಸಿದ.

ಜನ ಕರಗಿದ ಮೇಲೆ ಕ್ಯಾಸ್ಮಿರ್ ಮತ್ತೆ ಶುರುಮಾಡಿದ. “ಉಳಿದ ಏಳನ್ನಾದ್ರೂ ಸರಿಯಾಗಿ ಮಾಡುವ. ದುಬೈಯವರು ನೋಡ್ಲಿಕ್ಕೆ...”

“ಯಾರೂ ನೋಡುದು ಬೇಡ. ಒಂದನ್ನೂ ಮಾರುದಿಲ್ಲ.”

“ಈಗ ಬಂತಾ ಪ್ರೀತಿ?”

“ಈಗಲೇ ಬಂತು ಅಂತ ಇಟ್ಕೊಳ್ಳಿ. ನನ್ನ ಸಾಮಾನಿನ ಒಟ್ಟಿಗೆ ಶಿರ್ವಕ್ಕೆ ಹೋಗ್ಲಿ. ನಿಮ್ಮ ಹಾಲ್‌ನಲ್ಲಿ ತೂಗಿ ಹಾಕಿ. ಬಂದವರಿಗೆ ತೋರಿಸಿ, ನನ್ನ ತಮ್ಮನದ್ದು ಅಂತ. ಆದರೆ ನಾನಿರುವಷ್ಟು ದಿನ ಯಾರಿಗೂ ಮಾರ್ಬಾರದು, ಬೆಲೆ ಕಟ್ಟಿಸ್ಬಾರದು. ಆಣೆ ಇಡಿ.”

ಕ್ಯಾಸ್ಮಿರ್ ಅವಳನ್ನೇ ನೋಡಿದ. “ಆಣೆ ಯಾಕೆ,” ಎಂದ. “ನಾನು ಮಾರ್ತೇನಾ? ಅವನು ಮುಟ್ಟಿದ್ದು ಅದನ್ನೆಲ್ಲ.”

ಬೀಗ ತೆಗೆದು ಏಳನ್ನೂ ಹೊರಗೆ ತಂದರು. ಕ್ಲೆಮೆಂಟಿನಾ ತನ್ನ ಒಳ್ಳೆಯ ಬೆಡ್‌ಶೀಟುಗಳನ್ನು ಕೊಟ್ಟಳು. ಕ್ಯಾಸ್ಮಿರ್ ನೆಲದಲ್ಲಿ ಕೂತು, ಮಗುವಿಗೆ ಬಟ್ಟೆ ಸುತ್ತುವಂತೆ ಒಂದೊಂದನ್ನೇ ಸುತ್ತಿ ಕಟ್ಟಿದ. ಕೊನೆಯದು ಸಿಂಹದ ತಲೆಯದು. ಜೋಸ್ಲಿನ್ ಅದನ್ನು ಎತ್ತಿಕೊಟ್ಟಾಗ ಟಪ್ಪೆಂದು ಏನೋ ನೆಲಕ್ಕೆ ಬಿದ್ದು ಉರುಳಿತು. ಸಿಂಹದ ಒಂದು ಕಣ್ಣು ಕಳಚಿತ್ತು.

“ಓ ದೇವಾ,” ಎಂದ ಕ್ಯಾಸ್ಮಿರ್. “ಮಾಣಿಕ್ಯವಾ ಅದು? ಹುಡುಕಿ, ಹುಡುಕಿ.”

ಕ್ಲೆಮೆಂಟಿನಾ ಆಗಲೇ ಬಗ್ಗಿ ಎತ್ತಿ ಮುಷ್ಟಿ ಮುಚ್ಚಿದ್ದಳು. ಅಂಗೈಯಲ್ಲಿ ಅದಕ್ಕೆ ಭಾರವೇ ಇರಲಿಲ್ಲ. ಕೆಂಪು ಪ್ಲಾಸ್ಟಿಕ್ಕಿನ ಮಣಿ, ಹಿಂದುಗಡೆ ಅಚ್ಚಿನ ಗೆರೆ.

“ಸಿಕ್ಕಿತು. ಖಡ್ಗ ಇಲ್ಲಿ ಕೊಡಿ, ನಾನು ಕೂರಿಸ್ತೇನೆ,” ಎಂದಳು.

ಅದನ್ನು ಅಡುಗೆಮನೆಗೆ ಒಯ್ದು ದೀಪ ಹಾಕಿದಳು. ಪಾತ್ರೆಯ ತಳದಲ್ಲಿ ಉಳಿದ ಗಂಜಿಯಿಂದ ಒಂದು ಅಗುಳು ತೆಗೆದು, ಬೆರಳ ತುದಿಯಲ್ಲಿ ನುರಿದು, ಗುಳಿಗೆ ಸವರಿದಳು. ಮಣಿಯನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಹೊರಗಿನಿಂದ ಕ್ಯಾಸ್ಮಿರ್ ಎರಡು ಸಲ ಕರೆದ. ಅವಳು ಬೆರಳು ತೆಗೆಯದೆ, ಅಂಟು ಒಣಗುವುದನ್ನು ಕಾಯುತ್ತ ನಿಂತಳು.